ವಿಮಾನ ಬೇಗ, ಬೇಗೂರು ತಡ

ನಮ್ಮೂರಿನ ಹೆಸರಲ್ಲೇ 'ಬೇಗ' ಇದೆ, ಆದರೆ ಬೇಗೂರಿಗೆ ಬೇಗ ತಲುಪಿದವರು ಯಾರೂ ಇಲ್ಲ. ಇದು ನಮ್ಮ ಹಾಸ್ಟೆಲ್‌ನ ಹಳೇ ಜೋಕು. ಹೇಳಿ ಹೇಳಿ ಸವೆದುಹೋಗಿದೆ, ಆದರೂ ಹೊಸದಾಗಿ ಸೇರಿದವರಿಗೆ ಒಂದ್ಸಲ ಹೇಳೇ ಹೇಳ್ತೀವಿ.

ಇನ್ನೊಂದು ತಮಾಷೆಯೂ ಇದೆ. ಮೊಬೈಲಿನಲ್ಲಿ 'ಬೇಗೂರಿನಿಂದ ಏರ್‌ಪೋರ್ಟ್' ಅಂತ ಹುಡುಕಿದರೆ ಸಾಮಾನ್ಯವಾಗಿ ಬರೋದು ನಮ್ಮೂರಲ್ಲ, ಬೆಂಗಳೂರಿನ ಬೇಗೂರು. ಒಂಬತ್ತನೇ ಶತಮಾನದ ಕೊನೆಯ ಹೊತ್ತಿನ ಶಾಸನದಲ್ಲಿ 'ಬೆಂಗಳೂರು' ಎಂಬ ಹೆಸರು ಸಿಕ್ಕಿದ್ದು ಅಲ್ಲಿ, ನಾಗೇಶ್ವರ ದೇವಸ್ಥಾನದಲ್ಲಿ. ಅದು ದೊಡ್ಡ ಬೇಗೂರು. ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿ ಬೇಗೂರು. ಮೈಸೂರಿನಿಂದ ನಂಜನಗೂಡು ದಾಟಿ ಗುಂಡ್ಲುಪೇಟೆ ಕಡೆ ಹೊರಟರೆ ಹೆದ್ದಾರಿ ಮೇಲೇ ಸಿಗುತ್ತದೆ. ಊಟಿಗೆ, ವಯನಾಡಿಗೆ ಹೋಗುವ ನೀವು ಅದೆಷ್ಟೋ ಸಲ ನಮ್ಮೂರನ್ನು ಹಾದುಹೋಗಿದ್ದೀರಿ, ಕಿಟಕಿಯಿಂದ ಚೆಂಡು ಹೂವಿನ ಹೊಲ ನೋಡಿದ್ದೀರಿ, ಇಳಿದಿರಲ್ಲ ಅಷ್ಟೆ.

ಇದನ್ನು ಬರೆಯುತ್ತಿರುವ ನಾವು ಮೂರು ಜನ, ಮೂವರೂ ಬೇಗೂರಿನ ಆಸುಪಾಸಿನವರು. ವಿಷಯ ವಿಮಾನದ್ದು: ಎರಡು ಏರ್‌ಪೋರ್ಟ್‌ಗಳ ನಡುವಿನ ದೂರ, ಮತ್ತು ಆ ದೂರಕ್ಕೆ ಹಿಡಿಯುವ ಹೊತ್ತು. ಹಳ್ಳಿ ಹುಡುಗರಿಗೆ ಯಾಕೆ ಬೇಕಿತ್ತು ಈ ಲೆಕ್ಕ ಅಂತ ಕೇಳಬಹುದು. ಹೋದ ವರ್ಷ ಈ ಲೆಕ್ಕವನ್ನು ನಾವು ತಪ್ಪು ಮಾಡಿದೆವು. ಎಕ್ಸಾಮಿನಲ್ಲಿ ಅಲ್ಲ, ಅದಕ್ಕೇ ಬರೀತಿದ್ದೀವಿ.

ನಾವು ಹಾಕಿದ ಲೆಕ್ಕ

ನಮ್ಮಲ್ಲೊಬ್ಬನ ದೊಡ್ಡಪ್ಪನಿಗೆ ಹುಷಾರಿಲ್ಲದೆ ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಮಗ ದುಬೈನಲ್ಲಿ ಕೆಲಸದಲ್ಲಿದ್ದ. ವಯಸ್ಸಿನಲ್ಲಿ ನಮಗೆಲ್ಲ ದೊಡ್ಡವನು, ಊರಲ್ಲಿ ನಾವೆಲ್ಲ 'ಅಣ್ಣ' ಅಂತಲೇ ಕರೆಯೋದು. ಬೆಳಗ್ಗೆ ಏಳಕ್ಕೆ ಫೋನ್ ಮಾಡಿದ.

"ಎರಡು ಟಿಕೆಟ್ ಕಾಣ್ತಾ ಐತೆ ಕಣ್ರೋ. ಒಂದು ಬೆಂಗಳೂರಿಗೆ, ಏಳೂ ಹತ್ತಕ್ಕೆ ಇಳೀತದೆ. ಇನ್ನೊಂದು ಕ್ಯಾಲಿಕಟ್‌ಗೆ, ಆರೂ ಇಪ್ಪತ್ತಕ್ಕೆ. ಯಾವ್ದು ಹತ್ರ ನೋಡಿ ಹೇಳಿ, ನೀವು ಇಂಜಿನಿಯರಿಂಗ್ ಓದೋರು."

ನೋಡಿದೆವು. ಎರಡು ಜಾಗದ ಅಕ್ಷಾಂಶ ರೇಖಾಂಶ ಕೊಟ್ಟರೆ ನಡುವಿನ ದೂರ ಹೇಳುವ ಸೂತ್ರ ನಮಗೆಲ್ಲ ಗೊತ್ತಿರೋದೇ. ಭೂಮಿಯ ತ್ರಿಜ್ಯ 6,371 ಕಿ.ಮೀ. ಅಂತ ಇಟ್ಟುಕೊಂಡು, ಗೋಳದ ಮೇಲೆ ಎರಡು ಚುಕ್ಕೆಗೆ ದಾರ ಬಿಗಿದು ಹಿಡಿದರೆ ಎಷ್ಟು ಉದ್ದವೋ ಅಷ್ಟು. ಕಲ್ಲಿಕೋಟೆ ಏರ್‌ಪೋರ್ಟ್ ಇರೋದು ಕರಿಪುರದಲ್ಲಿ. ಬೇಗೂರಿನಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 120 ಕಿ.ಮೀ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸುಮಾರು 180. ಮೈಸೂರಿನಿಂದ ಲೆಕ್ಕ ಹಾಕಿದರೂ ಅದೇ ಉತ್ತರ: ಮಂಡಕಳ್ಳಿಯಿಂದ ಕರಿಪುರಕ್ಕೆ ಸುಮಾರು 143, ದೇವನಹಳ್ಳಿಗೆ ಸುಮಾರು 157. ಎರಡು ಸಲ ನೋಡಿದೆವು, ಎರಡು ಸಲವೂ ಕ್ಯಾಲಿಕಟ್ ಹತ್ತಿರ. ಅದೂ ಅಲ್ಲದೆ ಆ ವಿಮಾನ ಐವತ್ತು ನಿಮಿಷ ಮೊದಲೇ ಇಳಿಯುತ್ತದೆ.

ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತೆ ಅನ್ನೋದು ನಮಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದನ್ನೂ ಲೆಕ್ಕಕ್ಕೆ ಹಿಡಿದೆವು. ಕರಿಪುರದಿಂದ ಮೂಲೆಹೊಳೆ ಗೇಟಿಗೆ ಗೆರೆ ಎಳೆದರೆ ಸುಮಾರು 80 ಕಿ.ಮೀ. ಗಂಟೆಗೆ 60ರಂತೆ ಹೋದರೆ ಒಂದು ಗಂಟೆ ಇಪ್ಪತ್ತು ನಿಮಿಷ. ಏಳಕ್ಕೆ ಹೊರಗೆ ಬಂದರೆ ಎಂಟೂ ಇಪ್ಪತ್ತಕ್ಕೆ ಗೇಟು. ನಲವತ್ತು ನಿಮಿಷ ಮಿಕ್ಕುತ್ತದೆ.

"ಕ್ಯಾಲಿಕಟ್‌ದೇ ತಗೊಳ್ಳಣ್ಣ" ಅಂದೆವು.

ತಪ್ಪು ಎಲ್ಲಿ ಅಂತ ನಿಮಗೆ ಈಗಾಗಲೇ ಗೊತ್ತಾಗಿರುತ್ತೆ. ಹದ್ದು ಹಾರುವ ದೂರವನ್ನು ಟ್ಯಾಕ್ಸಿಯ ವೇಗದಿಂದ ಭಾಗಿಸಿದೆವು. ನಡುವೆ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳಿವೆ. ಕರಿಪುರದಿಂದ ಕಲ್ಲಿಕೋಟೆ ಹೊರವಲಯದ ಟ್ರಾಫಿಕ್ ಇದೆ. ಕಲ್ಪೆಟ್ಟಾ, ಸುಲ್ತಾನ್ ಬತ್ತೇರಿ ಪೇಟೆಗಳಿವೆ. ಗೆರೆಗೆ ಇದ್ಯಾವುದೂ ಕಾಣಲ್ಲ.

ಅಣ್ಣ ಏಳೂ ಐದಕ್ಕೆ ಒಂದೇ ಬ್ಯಾಗು ಹಿಡಿದು ಹೊರಗೆ ಬಂದ. ಒಂಬತ್ತರೊಳಗೆ ಗೇಟು ದಾಟಬೇಕು ಅಂದಾಗ ಟ್ಯಾಕ್ಸಿ ಡ್ರೈವರ್ ತಲೆ ಆಡಿಸಿದನಂತೆ. ಬತ್ತೇರಿ ಮುಟ್ಟುವಷ್ಟರಲ್ಲಿ ರಾತ್ರಿ ಹನ್ನೊಂದಕ್ಕೆ ಹತ್ತು ನಿಮಿಷ. ರಾತ್ರಿ ಬಿಡುವ ಕೆಲವೇ ಕೆಲವು ಬಸ್ಸುಗಳಲ್ಲಿ ಸೀಟು ಇರಲಿಲ್ಲ. ಮಾನಂದವಾಡಿ, ಕುಟ್ಟ, ಗೋಣಿಕೊಪ್ಪ, ಹುಣಸೂರು ಸುತ್ತಿಕೊಂಡು ಹೋಗೋ ದಾರಿ ಇದೆ. ಆದರೆ ಆ ಡ್ರೈವರಿಗೆ ಆ ದಾರಿ ಗೊತ್ತಿಲ್ಲ, ಅಪರಾತ್ರಿಯಲ್ಲಿ ಒಪ್ಪಲಿಲ್ಲ. ಬೇರೆ ಗಾಡಿ ಸಿಗಲಿಲ್ಲ. ಆಂಬುಲೆನ್ಸ್ ಆದರೆ ಬಿಡುತ್ತಾರೆ. ಅಂದರೆ ಒಳಗೆ ಪೇಷಂಟ್ ಇದ್ದರೆ ಬಿಡುತ್ತಾರೆ, ಪೇಷಂಟ್ ನೋಡಲು ಹೋಗುವವನನ್ನು ಬಿಡೋದಿಲ್ಲ.

ಈ ಕಡೆ ನಾವು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೆವು. ಹನ್ನೆರಡರ ಸುಮಾರಿಗೆ ಒಬ್ಬನನ್ನು ಒಳಗೆ ಬಿಟ್ಟರು. ದೊಡ್ಡಪ್ಪ ಕಣ್ಣು ಬಿಟ್ಟು, "ಎಲ್ಲವ್ನೆ?" ಅಂದರು.

"ಬತ್ತಾವ್ನೆ ದೊಡ್ಡಪ್ಪ, ಇಲ್ಲೇ ಹತ್ರದಲ್ಲೇ ಅವ್ನೆ" ಅಂದೆವು.

ಸುಳ್ಳೇನೂ ಅಲ್ಲ. ಗೆರೆ ಎಳೆದು ನೋಡಿದರೆ ಬತ್ತೇರಿ ಹತ್ತಿರವೇ.

ಬೆಳಗಿನ ಜಾವ ಮೂರೂ ನಲವತ್ತಕ್ಕೆ ದೊಡ್ಡಪ್ಪ ಹೋದರು. ಆರಕ್ಕೆ ಗೇಟು ತೆಗೆದ ಮೇಲೆ ಅಣ್ಣ ಮೈಸೂರು ಸೇರಿದಾಗ ಒಂಬತ್ತು ಆಗ್ತಾ ಬಂದಿತ್ತು. ಬೆಂಗಳೂರಿನ ಟಿಕೆಟ್ ತಗೊಂಡಿದ್ದರೆ ಏಳೂ ಹತ್ತಕ್ಕೆ ಇಳಿದು, ಎಂಟಕ್ಕೆ ಹೊರಗೆ ಬಂದು, ಹನ್ನೆರಡರ ಹೊತ್ತಿಗೆ ಮೈಸೂರಿನಲ್ಲಿ ಇರುತ್ತಿದ್ದ. 'ಎಲ್ಲವ್ನೆ' ಅಂದಾಗ ಪಕ್ಕದಲ್ಲೇ ಇರುತ್ತಿದ್ದ.

ಅಣ್ಣ ಇವತ್ತಿನವರೆಗೂ ನಮ್ಮನ್ನು ಒಂದು ಮಾತು ಅಂದಿಲ್ಲ.

ದೂರ ಯಾರದು, ಹೊತ್ತು ಯಾರದು?

ಆಮೇಲೆ ಕೂತು ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಿದೆವು. ಮೊದಲು ಸಿಕ್ಕಿದ ಸಂಗತಿಯೇ ನಮ್ಮನ್ನು ಸುಮ್ಮನಾಗಿಸಿತು. ದುಬೈನಿಂದ ಕಲ್ಲಿಕೋಟೆಗೆ ಆಕಾಶದ ದೂರ ಸುಮಾರು 2,675 ಕಿ.ಮೀ. ದುಬೈನಿಂದ ಬೆಂಗಳೂರಿಗೆ ಸುಮಾರು 2,695. ವ್ಯತ್ಯಾಸ ಇಪ್ಪತ್ತು ಕಿ.ಮೀ. ಜೆಟ್ ವಿಮಾನಕ್ಕೆ ಅದು ಎರಡು ನಿಮಿಷದ ಮಾತೂ ಅಲ್ಲ. ಹಾಗಾದರೆ ವಿಮಾನದ ಮಟ್ಟಿಗೆ ಎರಡೂ ಊರು ಒಂದೇ. ಇದ್ದ ವ್ಯತ್ಯಾಸವೆಲ್ಲ ನೆಲದ ಮೇಲಿತ್ತು. ನಾವು ನೆಲವನ್ನು ನೋಡಲೇ ಇಲ್ಲ.

ಟಿಕೆಟ್ ಮೇಲೆ 'ಪ್ರಯಾಣದ ಅವಧಿ' ಅಂತ ಒಂದು ಅಂಕಿ ಇರುತ್ತದಲ್ಲ, ಅದು ನಮ್ಮ ಪ್ರಯಾಣದ ಅವಧಿ ಅಲ್ಲವೇ ಅಲ್ಲ. ವಿಮಾನದ ಚಕ್ರಕ್ಕೆ ಅಡ್ಡ ಕೊಟ್ಟಿರುತ್ತಾರೆ, ಇಳಿಜಾರಿನಲ್ಲಿ ಲಾರಿ ಚಕ್ರಕ್ಕೆ ಕಲ್ಲು ಕೊಡ್ತಾರಲ್ಲ, ಹಾಗೆ. ಹೊರಡುವ ಊರಲ್ಲಿ ಅದನ್ನು ತೆಗೆದು ವಿಮಾನ ಕದಲಿದ ಕ್ಷಣದಿಂದ, ಇಳಿದ ಊರಲ್ಲಿ ಮತ್ತೆ ಅಡ್ಡ ಕೊಡುವ ಕ್ಷಣದವರೆಗಿನ ಹೊತ್ತು ಅದು. ಇದಕ್ಕೆ ಬ್ಲಾಕ್ ಟೈಮ್ ಅಂತಾರೆ. ರನ್‌ವೇವರೆಗೆ ತೆವಳುವುದು, ಸರದಿಗೆ ಕಾಯುವುದು ಎಲ್ಲ ಇದರಲ್ಲಿ ಸೇರಿಕೊಂಡಿದೆ. ತಡ ಆದರೂ ಸಮಯಕ್ಕೆ ಬಂದೆವು ಅಂತ ಹೇಳಿಕೊಳ್ಳಲಿ ಎಂದು ಕಂಪನಿಗಳು ಸ್ವಲ್ಪ ಹೊತ್ತನ್ನು ಮೊದಲೇ ಜಾಸ್ತಿ ಇಟ್ಟಿರುತ್ತವೆ. ಇದು ವಿಮಾನದ ಡ್ಯೂಟಿ ಟೈಮು. ನಮ್ಮದು ಮನೆ ಬಾಗಿಲು ಎಳೆದುಕೊಂಡಾಗಲೇ ಶುರುವಾಗಿರುತ್ತದೆ.

ವಿಮಾನಕ್ಕೂ ದೂರ ಅಂದರೆ ಹೊತ್ತು ಅಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರಿನ ನಡುವೆ ನೇರ ವಿಮಾನ ಶುರು ಮಾಡಿತು. ಗೋಳದ ಮೇಲೆ ದಾರ ಹಿಡಿದರೆ ಸುಮಾರು 14,000 ಕಿ.ಮೀ. ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿನಿಂದ ತಂದರು. ಅಂಥ ದೂರದ ಹಾದಿಯಲ್ಲಿ ಗಾಳಿ ಬೆನ್ನಿಗಿದ್ದರೆ ಒಂದು ಹೊತ್ತು, ಎದುರಿಗಿದ್ದರೆ ಇನ್ನೊಂದು ಹೊತ್ತು. ಹೋಗುವ ದೂರವೂ ಬರುವ ದೂರವೂ ಒಂದೇ, ಗಂಟೆ ಮಾತ್ರ ಬೇರೆ. ಪೈಲಟ್‌ಗಳು ಮೊದಲು ಕೇಳೋದು ಗಾಳಿ ಹೇಗಿದೆ ಅಂತ. ಗಾಳಿ ಇರುವ ಕಡೆಯೇ ಹೀಗಾದರೆ, ಘಾಟಿ, ಗೇಟು, ಬಸ್‌ಸ್ಟ್ಯಾಂಡ್ ಇರುವ ನೆಲದ ಮೇಲೆ ಬರೀ ಕಿಲೋಮೀಟರ್ ಹಿಡಿದು ಏನು ಪ್ರಯೋಜನ?

ಇನ್ನೊಂದು ತಮಾಷೆ ನೋಡಿ. ಯಾವ ಎರಡು ಏರ್‌ಪೋರ್ಟ್ ಹೆಸರು ಕೊಟ್ಟರೂ ದೂರ ಮತ್ತು ಹಾರಾಟದ ಸಮಯ ಹೇಳುವ ಲೆಕ್ಕದ ಯಂತ್ರಗಳು ಬಹಳ ಇವೆ. ಹಲವು ಯಂತ್ರಗಳು ಗಂಟೆಗೆ 800 ಕಿ.ಮೀ. ಅಂತ ಒಂದು ವೇಗ ಹಿಡಿದು, ಏರೋದಕ್ಕೆ ಇಳಿಯೋದಕ್ಕೆ ಅರ್ಧ ಗಂಟೆ ಸೇರಿಸುತ್ತವೆ. ಆ ಲೆಕ್ಕದಲ್ಲಿ ಮೈಸೂರಿನಿಂದ ಕಲ್ಲಿಕೋಟೆಗೆ ನಲವತ್ತು ನಿಮಿಷ! ಆದರೆ ಮಂಡಕಳ್ಳಿಯ ರನ್‌ವೇ 1,740 ಮೀಟರ್. ಅಲ್ಲಿಗೆ ಬರೋದು ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ, ಅದರ ವೇಗ ಗಂಟೆಗೆ 500ರ ಆಸುಪಾಸು. ಇಲ್ಲದ ವಿಮಾನಕ್ಕೆ, ಅಲ್ಲಿ ಮಾಮೂಲಾಗಿ ಇಳಿಯದ ಜೆಟ್‌ನ ವೇಗದಲ್ಲಿ, ನಿಮಿಷದ ಲೆಕ್ಕ! ನಾವು ನಂಬಿದ್ದು ಇಂಥದ್ದೇ ಲೆಕ್ಕವನ್ನು.

ನಮ್ಮ ಹಿರಿಯರು ಹೀಗೆ ಮೋಸ ಹೋಗುತ್ತಿರಲಿಲ್ಲ. ಅಜ್ಜನನ್ನು ಯಾವುದಾದರೂ ಊರು ಎಷ್ಟು ದೂರ ಅಂತ ಕೇಳಿ ನೋಡಿ, "ಕೋಳಿ ಕೂಗೋ ಹೊತ್ತಿಗೆ ಹೊಂಟ್ರೆ ಬಿಸಿಲೇರೋದ್ರೊಳಗೆ ಸೇರ್ಕತ್ತೀಯ" ಅಂತಾರೆ. ಕೇಳಿದ್ದು ದೂರ, ಹೇಳಿದ್ದು ಹೊತ್ತು. ತೆರಕಣಾಂಬಿ ಮಾರ್ಕೆಟ್ಟಿನಿಂದ ಕೇರಳಕ್ಕೆ ತರಕಾರಿ ತುಂಬಿಕೊಂಡು ಹೋಗುವ ಲಾರಿ ಡ್ರೈವರುಗಳೂ ಅಷ್ಟೆ. ಮದ್ದೂರು ಗೇಟು ಎಷ್ಟು ಕಿಲೋಮೀಟರ್ ಅಂತ ಅವರು ಮಾತಾಡಲ್ಲ, 'ಲೋಡಾಗಿ ಎಷ್ಟೊತ್ತಿಗೆ ಹೊರಟರೆ ಒಂಬತ್ತರೊಳಗೆ ದಾಟ್ತೀನಿ' ಅಂತ ಮಾತಾಡ್ತಾರೆ. ಅಣ್ಣ ನಮ್ಮ ಬದಲು ಅವರಲ್ಲೊಬ್ಬರಿಗೆ ಫೋನ್ ಮಾಡಿದ್ದರೆ ಒಂದೇ ಮಾತಲ್ಲಿ ಹೇಳುತ್ತಿದ್ದರು, "ಬೆಂಗ್ಳೂರಿಗೆ ಇಳ್ಕೊಳಪ್ಪ."

ಗೇಟಿನ ತಪ್ಪಲ್ಲ

ಈ ಕಥೆ ಕೇಳಿದವರಲ್ಲಿ ಅನೇಕರು ಹೇಳೋದು ಒಂದೇ: ರಾತ್ರಿ ಗೇಟು ತೆಗೆದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ, ಆ ನಿಷೇಧವನ್ನೇ ತೆಗೀಬೇಕು. ನಾವು ಅದನ್ನು ಒಪ್ಪೋದಿಲ್ಲ. ಸುಲಭವಾಗಿ ಹೇಳ್ತಿಲ್ಲ ಈ ಮಾತನ್ನ.

ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ನಿಲ್ಲಿಸಿದ್ದು 2009ರಲ್ಲಿ. ಕಾರಣ ನಮ್ಮ ಕಡೆಯವರಿಗೆ ಯಾರೂ ಓದಿ ಹೇಳಬೇಕಿಲ್ಲ. ರಸ್ತೆ ಮೇಲೆ ಸತ್ತು ಬಿದ್ದ ಜಿಂಕೆ, ಕಡವೆಗಳನ್ನು ನೋಡಿದವರು ನಾವು. 1973ರಲ್ಲೇ ಹುಲಿ ಯೋಜನೆಗೆ ಸೇರಿದ ಕಾಡು ಅದು. ಹಗಲೆಲ್ಲ ರಸ್ತೆ ನಮ್ಮದು, ರಾತ್ರಿ ಒಂಬತ್ತು ಗಂಟೆ ಹೊತ್ತು ಮಾತ್ರ ಅವುಗಳದು. 2019ರಲ್ಲಿ ಬತ್ತೇರಿಯಲ್ಲಿ ಈ ನಿಷೇಧದ ವಿರುದ್ಧ ಉಪವಾಸ ಕೂತಾಗ ಅಲ್ಲಿನವರ ಕಷ್ಟವೂ ನಮಗೆ ಅರ್ಥವಾಗಿತ್ತು. ಅವರಿಗೂ ಆಸ್ಪತ್ರೆ, ವ್ಯಾಪಾರ, ನೆಂಟಸ್ತಿಕೆ ಎಲ್ಲ ಇದೇ ದಾರಿಯಲ್ಲಿದೆ. ಆದರೂ ಒಂದು ಮಾತು. ಅಣ್ಣನನ್ನು ತಡೆದದ್ದು ಹತ್ತು ವರ್ಷಕ್ಕೂ ಹಿಂದಿನ, ಎಲ್ಲರಿಗೂ ಗೊತ್ತಿರುವ, ಗಡಿಯಾರದಷ್ಟು ನಿಖರವಾದ ನಿಯಮ. ಅದು ಮುಚ್ಚುಮರೆ ಮಾಡಿರಲಿಲ್ಲ. ಮೋಸ ಮಾಡಿದ್ದು 'ಹತ್ತಿರ' ಎಂಬ ನಮ್ಮ ಮಾತು. ನಾವು ಲೆಕ್ಕ ತಪ್ಪಿದ್ದಕ್ಕೆ ಆನೆ ಯಾಕೆ ದಂಡ ಕಟ್ಟಬೇಕು?

ಹಾಗಾದರೆ ವಿಮಾನ ಬೇಕಾ?

ಇನ್ನೊಂದು ಕಡೆಯಿಂದ ಬರುವ ಸಲಹೆ: ಮೈಸೂರು ಏರ್‌ಪೋರ್ಟ್ ದೊಡ್ಡದಾಗಲಿ, ಎಲ್ಲ ಸರಿಹೋಗುತ್ತೆ. ಮಂಡಕಳ್ಳಿ ನಮ್ಮ ದಾರಿಯಲ್ಲೇ ಇದೆ. ನಾವು ಬೇಗೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿ 766 ಅದರ ಪಕ್ಕದಲ್ಲೇ ಹಾಯುತ್ತದೆ. ಅದೇ ಹೆದ್ದಾರಿ ಇನ್ನೊಂದು ತುದಿಯಲ್ಲಿ ಕಲ್ಲಿಕೋಟೆ ಮುಟ್ಟುತ್ತದೆ. 1940ರಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ವಿಮಾನ ನಿಲ್ದಾಣ ಅದು, ಈಗಿನ ಟರ್ಮಿನಲ್ ಬಂದದ್ದು 2010ರಲ್ಲಿ. ರನ್‌ವೇ ಉದ್ದ ಮಾಡಬೇಕಾದರೆ ಈ ಹೆದ್ದಾರಿಗೇ ಬೇರೆ ದಾರಿ ಮಾಡಬೇಕು. ಅದರ ಮಾತು ವರ್ಷಗಳಿಂದ ನಡೆಯುತ್ತಲೇ ಇದೆ.

ರನ್‌ವೇ ಬೆಳೆಯಲಿ, ನಮಗೇನೂ ಬೇಜಾರಿಲ್ಲ. ಹೈದರಾಬಾದಿನಂಥ ದೂರದ ಊರಿಗೆ ಮಂಡಕಳ್ಳಿಯಿಂದ ಹಾರಿದರೆ ನಮ್ಮ ಕಡೆಯವರಿಗೆ ನಿಜವಾಗಿ ಹೊತ್ತು ಉಳಿಯುತ್ತದೆ. ಆದರೆ ಹತ್ತಿರದ ಊರುಗಳಿಗೆ ವಿಮಾನ ಕೇಳುವ ಮೊದಲು ಲೆಕ್ಕ ಹಾಕಿ. ಮೈಸೂರು–ಬೆಂಗಳೂರು ವಿಮಾನ ಒಂದಕ್ಕಿಂತ ಹೆಚ್ಚು ಸಲ ಬಂತು, ನಿಂತಿತು. 157 ಕಿ.ಮೀ. ಹಾರಾಟ. ಏರಿ, ಸಮ ಆಗಿ, ಇಳಿಯೋದರಲ್ಲೇ ಮುಗಿಯಿತು. ಅದಕ್ಕೆ ಮೊದಲು ಒಂದೂವರೆ ಗಂಟೆ ಮುಂಚೆ ಹೋಗಿ ಕೂರಬೇಕು. ಇಳಿದ ಮೇಲೆ ದೇವನಹಳ್ಳಿಯಿಂದ ಬೆಂಗಳೂರಿನ ಒಳಗೆ ಬರಲು ಇನ್ನೊಂದು ಒಂದೂವರೆ ಗಂಟೆ. ಅಷ್ಟರಲ್ಲಿ ಮೈಸೂರಿನಲ್ಲಿ ರೈಲು ಹತ್ತಿದವನು ಬೆಂಗಳೂರಿನಲ್ಲಿ ಇಳಿದು ಕಾಫಿ ಕುಡಿದಿರುತ್ತಾನೆ. 2023ರ ಮಾರ್ಚಿನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆ ಆದಮೇಲಂತೂ ಆ ಮಾತೇ ಬೇಡ. ಫ್ರಾನ್ಸ್ ದೇಶದಲ್ಲಿ ಅದೇ ವರ್ಷ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಕೆಲವು ಊರುಗಳ ನಡುವೆ ವಿಮಾನವನ್ನೇ ನಿಲ್ಲಿಸಿದರು. ಅಲ್ಲಿ ಕಾರಣ ಹೊಗೆಯದು. ಆದರೆ ಗಮನಿಸಿ, ಅಲ್ಲಿ ಅಳತೆಗೋಲಾಗಿ ಇಟ್ಟದ್ದು ಕಿಲೋಮೀಟರನ್ನಲ್ಲ, ಗಂಟೆಯನ್ನು.

ನಮಗೆ ಬೇಕಾದದ್ದು ಮತ್ತೊಂದು ಏರ್‌ಪೋರ್ಟ್ ಅಲ್ಲ, ಇರುವ ಏರ್‌ಪೋರ್ಟ್‌ಗೆ ಹೋಗುವ ದಾರಿ. ಒಂದು ಉದಾಹರಣೆ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,710 ಕಿ.ಮೀ., ಟಿಕೆಟ್ ಮೇಲೆ ಮೂರು ಗಂಟೆಯ ಒಳಗೆ. ಬೇಗೂರಿನ ಹುಡುಗಿಯೊಬ್ಬಳು ಇಂಟರ್‌ವ್ಯೂಗೆ ಹೋಗಬೇಕು, ಬೆಳಗ್ಗೆ ಹತ್ತಕ್ಕೆ ವಿಮಾನ ಅಂತ ಇಟ್ಟುಕೊಳ್ಳಿ. ನಮ್ಮ ತಾಲ್ಲೂಕಿಗೆ ರೈಲಿಲ್ಲ. ಹೆದ್ದಾರಿಯಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲುವ ಬಸ್ಸಿಗೆ ಕಾದು ಮೈಸೂರಿಗೆ ಒಂದೂಕಾಲು ಗಂಟೆ. ಅಲ್ಲಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ದೇವನಹಳ್ಳಿಗೆ ಹೋಗುತ್ತದೆ, ಒಳ್ಳೇ ಸೇವೆ, ಅದಕ್ಕೆ ನಾಲ್ಕು ಗಂಟೆ. ವಿಮಾನಕ್ಕೆ ಎರಡು ಗಂಟೆ ಮೊದಲು ಅಲ್ಲಿರಬೇಕು. ನಡುವೆ ಕಾಯೋದು ಅರ್ಧ ಮುಕ್ಕಾಲು ಗಂಟೆ. ಒಟ್ಟು ಎಂಟು ಗಂಟೆ. ಅಂದರೆ ರಾತ್ರಿ ಎರಡಕ್ಕೆ ಬೇಗೂರು ಬಿಡಬೇಕು. ಆ ಹೊತ್ತಲ್ಲಿ ಹುಡುಗಿಯೊಬ್ಬಳು ಹೆದ್ದಾರಿ ಪಕ್ಕ ನಿಂತು ಬಸ್ಸಿಗೆ ಕೈ ಅಡ್ಡ ಹಾಕೋಕೆ ಆಗುತ್ತಾ? ಹಿಂದಿನ ಸಂಜೆಯೇ ಮೈಸೂರಿಗೆ ಹೋಗಿ ನೆಂಟರ ಮನೆಯಲ್ಲಿ ಉಳೀಬೇಕು. ನೆಂಟರಿಲ್ಲದಿದ್ದರೆ? ಸಾವಿರದ ಏಳುನೂರು ಕಿಲೋಮೀಟರ್ ಅವಳಿಗೆ ಕಷ್ಟ ಅಲ್ಲ. ಮೊದಲ ನಲವತ್ತು ಕಿಲೋಮೀಟರೇ ಕಷ್ಟ.

ಆದ್ದರಿಂದ ನಾವು ಕೇಳೋದು ಸಣ್ಣದು. ಮೈಸೂರಿನಿಂದ ಹೊರಡುವ ಫ್ಲೈಬಸ್‌ಗಳಲ್ಲಿ ಒಂದೆರಡಕ್ಕಾದರೂ ಹೊಂದುವ ಹಾಗೆ, ಗುಂಡ್ಲುಪೇಟೆಯಿಂದ ಬೇಗೂರು, ನಂಜನಗೂಡು ಮಾರ್ಗವಾಗಿ ಒಂದು ಬಸ್ಸು ಬೇಕು. ರಾತ್ರಿ ಬಂದಿಳಿದವರಿಗೂ ಹಾಗೇ ವಾಪಸ್ ಬರಲು ಒಂದು. ಬೇಗೂರು ಬಸ್ ನಿಲ್ದಾಣದಲ್ಲಿ ಇವುಗಳ ವೇಳೆಯನ್ನು ಕನ್ನಡದಲ್ಲಿ ಬರೆದ ಒಂದು ಬೋರ್ಡು. ಹಾಗೇ ಕರಿಪುರ, ಕಣ್ಣೂರು ಏರ್‌ಪೋರ್ಟ್‌ಗಳ ಟ್ಯಾಕ್ಸಿ ಕೌಂಟರ್ ಹತ್ತಿರ ಇನ್ನೊಂದು ಬೋರ್ಡು: 'ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಇಷ್ಟು ಗಂಟೆಯ ಮೇಲೆ ಹೊರಟರೆ ದಾಟಲು ಆಗುವುದಿಲ್ಲ.' ರನ್‌ವೇ ಉದ್ದ ಮಾಡುವ ಖರ್ಚಿನ ಮುಂದೆ ಇದೆಲ್ಲ ಲೆಕ್ಕಕ್ಕೇ ಇಲ್ಲ.

ನಾವು ಮಾಡಬಹುದಾದದ್ದು

ಕೇಳೋದು ಕೇಳಿದೆವು. ಇಂಜಿನಿಯರಿಂಗ್ ಓದುವ ನಮ್ಮ ಪಾಲು ಏನು?

ಊರಲ್ಲಿ ಏನೇ ಆದರೂ ಮೊದಲ ಫೋನ್ ಬರೋದು ನಮಗೇ. ಟಿಕೆಟ್ ನೋಡಪ್ಪ, ದಾರಿ ನೋಡಪ್ಪ, ಫಾರಂ ತುಂಬಪ್ಪ. 'ನೀವು ಓದಿರೋರು' ಅನ್ನೋ ನಂಬಿಕೆಯ ಮೇಲೆ ಅವರು ಕೇಳುತ್ತಾರೆ. ಅಣ್ಣನೂ ಹಾಗೇ ಕೇಳಿದ. ಅವತ್ತು ನಮ್ಮ ಸೂತ್ರ ಸರಿಯಿತ್ತು, ಗುಣಾಕಾರ ಸರಿಯಿತ್ತು, ಉತ್ತರವನ್ನು ದಶಮಾಂಶದವರೆಗೆ ಹೇಳಬಹುದಿತ್ತು. ಕೇಳಿದ್ದೇ ತಪ್ಪು ಪ್ರಶ್ನೆ. 'ಎಷ್ಟು ದೂರ' ಅಂತ ಕೇಳಿಕೊಂಡೆವು, 'ಎಷ್ಟೊತ್ತಿಗೆ ಸೇರ್ತಾನೆ' ಅಂತ ಕೇಳಿಕೊಳ್ಳಬೇಕಿತ್ತು.

ಆದ್ದರಿಂದ ಈಗ ನಾವು ಮೂವರು ಒಂದು ಪಟ್ಟಿ ಮಾಡುತ್ತಿದ್ದೇವೆ. ದೊಡ್ಡ ಆ್ಯಪ್ ಏನಲ್ಲ, ಒಂದು ಹಾಳೆ. ಬೇಗೂರು ಹೋಬಳಿಯಿಂದ ಮಂಡಕಳ್ಳಿ, ದೇವನಹಳ್ಳಿ, ಕರಿಪುರ, ಕಣ್ಣೂರು, ಕೊಯಮತ್ತೂರು, ಈ ಐದು ಏರ್‌ಪೋರ್ಟ್‌ಗಳಿಗೆ. ಅದರಲ್ಲಿ ಕಿಲೋಮೀಟರಿನ ಕಾಲಮ್ಮೇ ಇಲ್ಲ. ವಿಮಾನ ಇಷ್ಟೊತ್ತಿಗೆ ಇಳಿದರೆ ಮನೆ ಎಷ್ಟೊತ್ತಿಗೆ, ಇಷ್ಟೊತ್ತಿಗೆ ಹಾರಬೇಕಾದರೆ ಮನೆ ಎಷ್ಟೊತ್ತಿಗೆ ಬಿಡಬೇಕು, ಯಾವ ಗೇಟು ಯಾವಾಗ ಮುಚ್ಚುತ್ತೆ, ಕೊನೇ ಬಸ್ಸು ಯಾವುದು. ಅಷ್ಟೆ. ಬಸ್ಸಿನ ಕಂಡಕ್ಟರುಗಳನ್ನು, ಲಾರಿ ಡ್ರೈವರುಗಳನ್ನು ಕೇಳಿ ತುಂಬಿಸುತ್ತಿದ್ದೇವೆ. ಅವರಿಗೆ ಗೊತ್ತಿರುವಷ್ಟು ಯಾವ ಯಂತ್ರಕ್ಕೂ ಗೊತ್ತಿಲ್ಲ.

ನೀವೂ ನಿಮ್ಮ ನಿಮ್ಮ ಊರಿಗೆ ಒಂದು ಮಾಡಿ. ಕಾಲೇಜಿನಲ್ಲಿ ಬೀದರಿನವರಿದ್ದೀರಿ, ಕಾರವಾರದವರಿದ್ದೀರಿ, ಕಾಸರಗೋಡಿನವರಿದ್ದೀರಿ. ಪ್ರತಿ ಊರಿಗೂ ಒಂದು ಘಾಟಿಯೋ ಒಂದು ಗೇಟೋ ಒಂದು ಕೊನೇ ಬಸ್ಸೋ ಇದ್ದೇ ಇರುತ್ತದೆ. ನಮ್ಮ ಕ್ಲಬ್ಬಿನಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕೋಣ. ಯಾರಾದರೂ ಅವಸರದಲ್ಲಿ ಫೋನ್ ಮಾಡಿ 'ಯಾವುದು ಹತ್ತಿರ' ಅಂತ ಕೇಳಿದಾಗ, ಸೂತ್ರ ತೆಗೆಯುವ ಮೊದಲು ಆ ಹಾಳೆ ತೆಗೀರಿ.

ಹೋದ ತಿಂಗಳು ಅಣ್ಣ ರಜಕ್ಕೆ ಬಂದಿದ್ದ. ಪಟ್ಟಿ ತೋರಿಸಿದೆವು. ಕರಿಪುರದ ಸಾಲನ್ನು ಸ್ವಲ್ಪ ಹೊತ್ತು ನೋಡಿದ. "ಮಧ್ಯಾಹ್ನ ಎರಡರೊಳಗೆ ಇಳಿದ್ರೆ ಮಾತ್ರ ಅಂತ ಬರೀರಿ," ಅಂದ. "ಮಳೆಗಾಲದಲ್ಲಿ ಘಾಟಿ ಜಾಮ್ ಆಯ್ತದೆ."

ಬರೆದುಕೊಂಡೆವು.